ತೂಕ ಇಳಿಯದಿದ್ದರೂ ಸಕ್ಕರೆ ಇಳಿಯುತ್ತದೆ: ವ್ಯಾಯಾಮ ಮತ್ತು ಮಧುಮೇಹದ ಬಗ್ಗೆ ಸಂಶೋಧನೆ ಹೇಳುವುದೇನು

ಮಧುಮೇಹ ಪತ್ತೆಯಾದವರಿಗೆ ವೈದ್ಯರು ಬರೆದುಕೊಡುವ ಚೀಟಿಯಲ್ಲಿ ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಊಟಕ್ಕೆ ಮುಂಚೆಯೋ ಆಮೇಲೋ ಎಂಬುದೆಲ್ಲ ಸ್ಪಷ್ಟವಾಗಿರುತ್ತದೆ. ವ್ಯಾಯಾಮದ ವಿಷಯ ಬಂದಾಗ ಮಾತ್ರ ಬಹುಪಾಲು ಕಡೆ "ವಾಕಿಂಗ್ ಮಾಡಿ, ತೂಕ ಇಳಿಸಿ" ಎಂಬಲ್ಲಿಗೆ ಸಲಹೆ ಮುಗಿಯುತ್ತದೆ. ಈ ಎರಡು ಮಾತುಗಳನ್ನು ಒಂದೇ ಉಸಿರಿನಲ್ಲಿ ಹೇಳುವುದರಿಂದ ಕೇಳಿದವರ ಮನಸ್ಸಿನಲ್ಲಿ ಒಂದು ತಪ್ಪು ಲೆಕ್ಕ ಕೂತುಬಿಡುತ್ತದೆ: ನಡೆದರೆ ತೂಕ ಇಳಿಯುತ್ತದೆ, ತೂಕ ಇಳಿದರೆ ಸಕ್ಕರೆ ಇಳಿಯುತ್ತದೆ. ಮೂರು ತಿಂಗಳು ಶ್ರದ್ಧೆಯಿಂದ ನಡೆದು, ತೂಕದ ಯಂತ್ರದ ಮುಳ್ಳು ಅಲ್ಲೇ ನಿಂತಿರುವುದನ್ನು ಕಂಡು, ನಡೆದದ್ದೆಲ್ಲ ವ್ಯರ್ಥವಾಯಿತು ಎಂದು ಕೈಬಿಡುವವರು ಎಷ್ಟೋ ಮಂದಿ. ಆದರೆ ಕಳೆದ ಏಳು ದಶಕಗಳ ಸಂಶೋಧನೆಯನ್ನು ಸಾಲಾಗಿಟ್ಟು ನೋಡಿದರೆ ಆ ನಿರ್ಧಾರ ತಪ್ಪು ಎಂಬುದು ಖಚಿತವಾಗುತ್ತದೆ. ತೂಕ ಇಳಿದರೆ ಲಾಭವಿದೆ, ಅದರಲ್ಲಿ ಸಂಶಯವಿಲ್ಲ. ಆದರೆ ವ್ಯಾಯಾಮದ ಲಾಭ ತೂಕಕ್ಕಾಗಿ ಕಾಯುವುದಿಲ್ಲ. ಅದು ನೇರವಾಗಿ ಸ್ನಾಯುವಿನೊಳಗೆ ನಡೆಯುವ ಕೆಲಸ, ಮತ್ತು ಮೊದಲ ದಿನದಿಂದಲೇ ಆರಂಭವಾಗುವ ಕೆಲಸ.

ಭಾರತದ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ಎಲ್ಲ ರಾಜ್ಯಗಳಲ್ಲೂ ನಡೆದ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ, ಅಂದರೆ ಮಧುಮೇಹಪೂರ್ವ ಸ್ಥಿತಿಯಲ್ಲಿದ್ದಾರೆ. ಇಷ್ಟು ಜನರಿಗೆ ಸಂಬಂಧಿಸಿದ ಒಂದು ಚಿಕಿತ್ಸೆಯನ್ನು ನಾವು ಬರೀ ಹಿತವಚನದಂತೆ ಹೇಳಿ ಮುಗಿಸುತ್ತಿದ್ದೇವೆ ಎಂಬುದು ನನ್ನನ್ನು ಬಹುಕಾಲದಿಂದ ಕಾಡುತ್ತಿರುವ ಸಂಗತಿ.

ದೇಹಶ್ರಮಕ್ಕೂ ದೀರ್ಘಕಾಲದ ಕಾಯಿಲೆಗೂ ನಂಟಿದೆ ಎಂಬುದನ್ನು ಅಂಕಿಅಂಶಗಳ ಮೂಲಕ ತೋರಿಸುವ ಆಧುನಿಕ ಸಂಶೋಧನೆ ಶುರುವಾದದ್ದು ಮಧುಮೇಹದಿಂದಲ್ಲ, ಹೃದಯಾಘಾತದಿಂದ. ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ಹೃದಯಾಘಾತಗಳು ಏರುತ್ತಿದ್ದವು, ಕಾರಣ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಜೆರ್ರಿ ಮಾರಿಸ್ ಎಂಬ ವೈದ್ಯ ವಿಜ್ಞಾನಿ ಲಂಡನ್ನಿನ ಡಬಲ್ ಡೆಕರ್ ಬಸ್ಸುಗಳ ಸಿಬ್ಬಂದಿಯ ದಾಖಲೆಗಳನ್ನು ಕೈಗೆತ್ತಿಕೊಂಡರು. ಒಂದೇ ಬಸ್ಸು, ಒಂದೇ ಸಂಸ್ಥೆ, ಸರಿಸುಮಾರು ಒಂದೇ ಆರ್ಥಿಕ ವರ್ಗ. ಆದರೆ ಚಾಲಕ ದಿನವಿಡೀ ಕೂತಿರುತ್ತಾನೆ, ಕಂಡಕ್ಟರ್ ಟಿಕೆಟ್ ಕೊಡಲು ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಾನೆ. 1953ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅವರ ಲೇಖನ ಚಾಲಕರಿಗಿಂತ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆ ಎಂಬುದನ್ನೂ, ಬಂದರೂ ತಡವಾಗಿ, ಅಷ್ಟೊಂದು ಮಾರಕವಲ್ಲದ ರೂಪದಲ್ಲಿ ಬರುತ್ತದೆ ಎಂಬುದನ್ನೂ ತೋರಿಸಿತು. ನಡೆದು ಅಥವಾ ಸೈಕಲ್ ತುಳಿದು ಟಪಾಲು ಹಂಚುವ ಅಂಚೆಯವರನ್ನು ಕಚೇರಿಯಲ್ಲಿ ಕೂತು ಕೆಲಸ ಮಾಡುವ ಅಂಚೆ ನೌಕರರೊಂದಿಗೆ ಹೋಲಿಸಿದಾಗಲೂ ಅದೇ ಚಿತ್ರ ಕಂಡಿತು.

ಇಲ್ಲಿಗೆ ನಿಲ್ಲಿಸಿದ್ದರೆ ಅದು ಒಳ್ಳೆಯ ಕಥೆಯಾಗಿ ಉಳಿಯುತ್ತಿತ್ತು, ಒಳ್ಳೆಯ ವಿಜ್ಞಾನವಾಗುತ್ತಿರಲಿಲ್ಲ. ಮಾರಿಸ್ ಮತ್ತು ಸಂಗಡಿಗರು 1956ರಲ್ಲಿ ಮತ್ತೊಂದು ಲೇಖನ ಬರೆದರು. ಅದಕ್ಕೆ ಆಧಾರವಾದದ್ದು ಬಸ್ ಸಿಬ್ಬಂದಿಗೆ ಹೊಲಿಸಿಕೊಡುತ್ತಿದ್ದ ಸಮವಸ್ತ್ರದ ಅಳತೆಗಳು! ಪ್ಯಾಂಟಿನ ಸೊಂಟದ ಅಳತೆಯನ್ನು ನೋಡಿದರೆ ಚಾಲಕರು ಕಂಡಕ್ಟರುಗಳಿಗಿಂತ ದಪ್ಪಗಿದ್ದರು, ಅದೂ ಎಳೆಯ ವಯಸ್ಸಿನಿಂದಲೇ. ಹಾಗಾದರೆ ಕೂತು ಮಾಡುವ ಕೆಲಸ ಅವರ ಆರೋಗ್ಯ ಕೆಡಿಸಿತೋ, ಅಥವಾ ಮೊದಲೇ ದಪ್ಪಗಿದ್ದವರು ಕೂತು ಮಾಡುವ ಕೆಲಸವನ್ನು ಆರಿಸಿಕೊಂಡರೋ? ತಮ್ಮದೇ ಹೆಸರಾಂತ ಫಲಿತಾಂಶದ ಮೇಲೆ ತಾವೇ ಎತ್ತಿದ ಈ ಪ್ರಶ್ನೆ ಇಡೀ ಕ್ಷೇತ್ರದ ಮೂಲ ಪ್ರಶ್ನೆ. ಚಟುವಟಿಕೆಯಿಂದಿರುವವರು ಆರೋಗ್ಯವಾಗಿದ್ದಾರೆ ಎಂದು ಕಂಡ ಮಾತ್ರಕ್ಕೆ ಚಟುವಟಿಕೆಯೇ ಆರೋಗ್ಯಕ್ಕೆ ಕಾರಣ ಎಂದು ಹೇಳಲಾಗದು, ಏಕೆಂದರೆ ಆರೋಗ್ಯವಾಗಿರುವವರಿಗೆ ಓಡಾಡಲು ಸುಲಭ. ಇಂದಿಗೂ ಪತ್ರಿಕೆಗಳಲ್ಲಿ "ಇಷ್ಟು ಹೆಜ್ಜೆ ನಡೆಯುವವರಿಗೆ ಇಂಥ ಕಾಯಿಲೆ ಬರುವುದಿಲ್ಲ" ಎಂಬ ಸುದ್ದಿ ಕಂಡಾಗ ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ಇದಕ್ಕೆ ಉತ್ತರ ಸಿಗಬೇಕಾದರೆ ಗಮನಿಸಿದರಷ್ಟೇ ಸಾಲದು, ಪ್ರಯೋಗ ಮಾಡಬೇಕು. ಯಾರು ವ್ಯಾಯಾಮ ಮಾಡಬೇಕು, ಯಾರು ಮಾಡಬಾರದು ಎಂಬುದನ್ನು ಜನರ ಇಷ್ಟಕ್ಕೆ ಬಿಡದೆ ಚೀಟಿ ಎತ್ತಿದಂತೆ ನಿರ್ಧರಿಸಿ, ವರ್ಷಗಟ್ಟಲೆ ಹಿಂಬಾಲಿಸಿ ನೋಡಬೇಕು. ಮಧುಮೇಹದ ವಿಷಯದಲ್ಲಿ ಇದನ್ನು ಮೊದಲು ದೊಡ್ಡದಾಗಿ ಮಾಡಿ ತೋರಿಸಿದ್ದು ಚೀನಾದ ಈಶಾನ್ಯ ಭಾಗದಲ್ಲಿರುವ ದಾಚಿಂಗ್ ಎಂಬ ತೈಲನಗರಿ. 1986ರಲ್ಲಿ ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ತಪಾಸಣೆ ಮಾಡಿ, ಮಧುಮೇಹಪೂರ್ವ ಸ್ಥಿತಿಯಲ್ಲಿದ್ದ 577 ಮಂದಿಯನ್ನು ಆರಿಸಿದರು. ಊರಿನ 33 ಚಿಕಿತ್ಸಾಲಯಗಳನ್ನು ನಾಲ್ಕು ಗುಂಪು ಮಾಡಿ, ಒಂದಕ್ಕೆ ವಿಶೇಷ ಸಲಹೆ ಏನೂ ಇಲ್ಲ, ಒಂದಕ್ಕೆ ಆಹಾರ ನಿಯಮ, ಒಂದಕ್ಕೆ ವ್ಯಾಯಾಮ, ಇನ್ನೊಂದಕ್ಕೆ ಎರಡೂ ಎಂದು ನಿಗದಿ ಮಾಡಿದರು.

ಈ ಪ್ರಯೋಗದಲ್ಲಿ ನನಗೆ ಬಹಳ ಹಿಡಿಸಿದ್ದು ಅವರು ವ್ಯಾಯಾಮವನ್ನು ಅಳೆದ ಕ್ರಮ. ಅದಕ್ಕೊಂದು ಘಟಕವನ್ನು ಕಟ್ಟಿಕೊಂಡರು. ನಿಧಾನ ನಡಿಗೆ ಅಥವಾ ಮನೆ ಸ್ವಚ್ಛ ಮಾಡುವಂಥ ಹಗುರ ಕೆಲಸವಾದರೆ 30 ನಿಮಿಷಕ್ಕೆ ಒಂದು ಘಟಕ. ಚುರುಕು ನಡಿಗೆ, ಸೈಕಲ್ ಸವಾರಿಯಾದರೆ 20 ನಿಮಿಷಕ್ಕೆ ಒಂದು ಘಟಕ. ನಿಧಾನ ಓಟ, ಮೆಟ್ಟಿಲು ಹತ್ತುವುದಾದರೆ 10 ನಿಮಿಷ ಸಾಕು. ಹಗ್ಗದಾಟ, ಈಜು, ಬ್ಯಾಸ್ಕೆಟ್‌ಬಾಲ್ ಆದರೆ ಐದೇ ನಿಮಿಷ. ದಿನಕ್ಕೆ ಇಂಥ ಒಂದು ಘಟಕವನ್ನು ಹೆಚ್ಚಿಸಿಕೊಳ್ಳಿ, 50 ವರ್ಷದೊಳಗಿನವರು ಆದರೆ ಎರಡನ್ನು ಹೆಚ್ಚಿಸಿಕೊಳ್ಳಿ ಎಂಬುದು ಸಲಹೆ. ಮಾತ್ರೆಯ ಮಿಲಿಗ್ರಾಂ ಹೇಗೋ ಹಾಗೆಯೇ ವ್ಯಾಯಾಮಕ್ಕೂ ಒಂದು ಪ್ರಮಾಣ ಬಂತು, ಮತ್ತು ಆ ಪ್ರಮಾಣವನ್ನು ಪೂರೈಸಲು ಪ್ರತಿಯೊಬ್ಬರಿಗೂ ಅವರವರ ಮೈಗೆ ಒಗ್ಗುವ ದಾರಿ ಸಿಕ್ಕಿತು. "ಮನೆಗೆಲಸ ಮಾಡುತ್ತೇನಲ್ಲ, ಅದು ಸಾಲದೇ?" ಎಂದು ನಮ್ಮ ಹೆಣ್ಣುಮಕ್ಕಳು ಕೇಳುವ ನ್ಯಾಯವಾದ ಪ್ರಶ್ನೆಗೂ ಇಲ್ಲಿ ಉತ್ತರವಿದೆ: ಅದೂ ಲೆಕ್ಕಕ್ಕೆ ಬರುತ್ತದೆ, ಆದರೆ ಚುರುಕು ನಡಿಗೆಯ ಫಲ ಬೇಕಾದರೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು, ಮತ್ತು ಈಗಾಗಲೇ ಮಾಡುತ್ತಿರುವುದಕ್ಕಿಂತ ಹೆಚ್ಚಾಗಿ ಬೇಕು.

ಆರು ವರ್ಷ ಕಳೆಯುವಷ್ಟರಲ್ಲಿ ಸಲಹೆ ಇಲ್ಲದ ಗುಂಪಿನ ಶೇ 67.7 ಮಂದಿ ಮಧುಮೇಹಿಗಳಾಗಿದ್ದರು. ಆಹಾರ ನಿಯಮದ ಗುಂಪಿನಲ್ಲಿ ಇದು ಶೇ 43.8, ವ್ಯಾಯಾಮದ ಗುಂಪಿನಲ್ಲಿ ಶೇ 41.1, ಎರಡೂ ಇದ್ದ ಗುಂಪಿನಲ್ಲಿ ಶೇ 46. ಪ್ರಯೋಗ ಮುಗಿದ ಮೇಲೂ ಸಂಶೋಧಕರು ಆ ಜನರನ್ನು ಬಿಡಲಿಲ್ಲ. ಮೂವತ್ತು ವರ್ಷಗಳ ನಂತರದ ವರದಿ 2019ರಲ್ಲಿ ಬಂತು: ಸಲಹೆ ಪಡೆದ ಗುಂಪುಗಳಲ್ಲಿ ಮಧುಮೇಹ ಸುಮಾರು ನಾಲ್ಕು ವರ್ಷ ತಡವಾಗಿ ಬಂದಿತ್ತು, ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದಾದ ಸಾವು ಮೂರನೆಯ ಒಂದು ಭಾಗದಷ್ಟು ಕಡಿಮೆಯಾಗಿತ್ತು, ಸರಾಸರಿ ಆಯುಷ್ಯ ಒಂದೂವರೆ ವರ್ಷದ ಹತ್ತಿರ ಹೆಚ್ಚಾಗಿತ್ತು. ಆರು ವರ್ಷ ಪಾಲಿಸಿದ ಒಂದು ನಿಯಮದ ಫಲ ಮೂವತ್ತು ವರ್ಷದವರೆಗೂ ಉಳಿದುಕೊಂಡದ್ದು ವೈದ್ಯಶಾಸ್ತ್ರದಲ್ಲಿ ಅಪರೂಪ.

ಆಮೇಲೆ ಫಿನ್‌ಲ್ಯಾಂಡಿನಲ್ಲಿ 522 ಮಂದಿಯ ಮೇಲೆ, ಅಮೆರಿಕದಲ್ಲಿ 3,234 ಮಂದಿಯ ಮೇಲೆ ಇಂಥವೇ ಪ್ರಯೋಗಗಳು ನಡೆದವು. 2002ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ವಾರಕ್ಕೆ 150 ನಿಮಿಷದ ಚಟುವಟಿಕೆ ಮತ್ತು ಶೇ 7ರಷ್ಟು ತೂಕ ಇಳಿಕೆಯ ಗುರಿ ಇಟ್ಟುಕೊಂಡವರಲ್ಲಿ ಮಧುಮೇಹ ಶೇ 58ರಷ್ಟು ತಗ್ಗಿತು. ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲಿ ತಗ್ಗಿದ್ದು ಶೇ 31. ಮಾತ್ರೆಗಿಂತ ಜೀವನಕ್ರಮವೇ ಮೇಲು ಎಂಬ ಈ ಫಲಿತಾಂಶ ಜಗತ್ತಿನೆಲ್ಲೆಡೆ ಸುದ್ದಿಯಾಯಿತು. ಆದರೆ ಅದರ ಒಳಗೆ ಅಡಗಿದ್ದ ಇನ್ನೊಂದು ಫಲಿತಾಂಶ ಅಷ್ಟು ಜನರಿಗೆ ಮುಟ್ಟಲಿಲ್ಲ. ಅಂಕಿಅಂಶಗಳನ್ನು ಮತ್ತೆ ಬಿಡಿಸಿ ನೋಡಿದಾಗ, ಆ ಗುಂಪಿನಲ್ಲಿ ಲಾಭದ ದೊಡ್ಡ ಪಾಲು ತೂಕ ಇಳಿಕೆಯಿಂದಲೇ ಬಂದಿತ್ತು, ನಿಜ. ಆದರೆ ತೂಕದ ಗುರಿ ಮುಟ್ಟಲಾಗದೆಯೂ ವ್ಯಾಯಾಮದ ಗುರಿ ಮುಟ್ಟಿದವರಲ್ಲಿ, ಎರಡನ್ನೂ ಮುಟ್ಟದವರಿಗಿಂತ ಮಧುಮೇಹ ಶೇ 44ರಷ್ಟು ಕಡಿಮೆಯಿತ್ತು. ಮುಳ್ಳು ಅಲ್ಲಾಡಲಿಲ್ಲ ಎಂದು ಬೇಸರಪಡುವ ಪ್ರತಿಯೊಬ್ಬರಿಗೂ ಗೊತ್ತಿರಬೇಕಾದ ಅಂಕಿ ಇದು.

ನಮ್ಮಲ್ಲಿ ನಡೆದ ಪ್ರಯೋಗ ಇದನ್ನೇ ಇನ್ನೂ ಸ್ಪಷ್ಟವಾಗಿ ಹೇಳಿತು. ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ನೇತೃತ್ವದ ಭಾರತೀಯ ಮಧುಮೇಹ ತಡೆ ಕಾರ್ಯಕ್ರಮದ ಫಲಿತಾಂಶ ಪ್ರಕಟವಾದದ್ದು 2006ರಲ್ಲಿ. ಅದರಲ್ಲಿದ್ದ 531 ಮಂದಿಯ ಸರಾಸರಿ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, 25.8, ಅಮೆರಿಕದ ಪ್ರಯೋಗದಲ್ಲಿದ್ದವರಿಗಿಂತ ಎಷ್ಟೋ ತೆಳ್ಳಗಿನವರು. ದಿನಕ್ಕೆ ಕನಿಷ್ಠ ಅರ್ಧ ಗಂಟೆ ಚುರುಕು ನಡಿಗೆ, ಸಕ್ಕರೆ ಮತ್ತು ಎಣ್ಣೆ ಜಿಡ್ಡಿನಲ್ಲಿ ಹಿಡಿತ ಎಂಬುದು ಅವರಿಗೆ ಕೊಟ್ಟ ಸಲಹೆ. ಮೂರು ವರ್ಷದಲ್ಲಿ ಸಲಹೆ ಇಲ್ಲದವರಲ್ಲಿ ಶೇ 55 ಮಂದಿಗೆ ಮಧುಮೇಹ ಬಂತು, ಸಲಹೆ ಪಾಲಿಸಿದವರಲ್ಲಿ ಶೇ 39.3 ಮಂದಿಗೆ. ಜೀವನಕ್ರಮದ ಗುಂಪಿನಲ್ಲಿ ಹೇಳಿಕೊಳ್ಳುವಂಥ ತೂಕ ಇಳಿಕೆಯೇ ಆಗಿರಲಿಲ್ಲ. ಆದರೂ ಕಾಯಿಲೆಯ ಅಪಾಯ ಕಾಲು ಭಾಗಕ್ಕೂ ಹೆಚ್ಚು ಇಳಿದಿತ್ತು. ಜೀವನಕ್ರಮದ ಜೊತೆ ಮೆಟ್‌ಫಾರ್ಮಿನ್ ಸೇರಿಸಿದಾಗ ಹೆಚ್ಚಿನ ಲಾಭವೇನೂ ಕಾಣಲಿಲ್ಲ.

ತೆಳ್ಳಗಿರುವ ಭಾರತೀಯರಿಗೂ ಈ ಕಾಯಿಲೆ ಯಾಕೆ ಇಷ್ಟು ಸುಲಭವಾಗಿ ಬರುತ್ತದೆ ಎಂಬುದಕ್ಕೆ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ಜೀವಮಾನದ ಕೆಲಸ ಉತ್ತರ ಕೊಡುತ್ತದೆ. 2004ರಲ್ಲಿ ಅವರೂ ಬ್ರಿಟಿಷ್ ವೈದ್ಯ ಜಾನ್ ಯುಡ್ಕಿನ್ ಅವರೂ ಸೇರಿ ಲ್ಯಾನ್ಸೆಟ್‌ನಲ್ಲಿ ತಮ್ಮಿಬ್ಬರದೇ ಚಿತ್ರ ಪ್ರಕಟಿಸಿದರು. ಇಬ್ಬರ ಬಿಎಂಐಯೂ ಒಂದೇ, 22.3. ಆದರೆ ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಅವರ ಮೈಯಲ್ಲಿ ಶೇ 21.2. ತೂಕದ ಯಂತ್ರದ ಕಣ್ಣಿಗೆ ಇಬ್ಬರೂ ಒಂದೇ. ಚರ್ಮದ ಕೆಳಗೆ ಒಬ್ಬರಲ್ಲಿ ಸ್ನಾಯು ಹೆಚ್ಚು, ಇನ್ನೊಬ್ಬರಲ್ಲಿ ಕೊಬ್ಬು ಹೆಚ್ಚು. ದಕ್ಷಿಣ ಏಷ್ಯಾದವರಲ್ಲಿ ಸ್ನಾಯು ಕಡಿಮೆ, ಹೊಟ್ಟೆಯ ಒಳಗಿನ ಕೊಬ್ಬು ಹೆಚ್ಚು ಎಂಬ ಈ ಮೈಕಟ್ಟು ಹುಟ್ಟುವಾಗಲೇ ಕಾಣಿಸಿಕೊಳ್ಳುತ್ತದೆ ಎಂಬುದನ್ನೂ ಪುಣೆಯ ಅಧ್ಯಯನಗಳು ತೋರಿಸಿವೆ. "ನಾನು ಸಣ್ಣಗಿದ್ದೇನೆ, ನನಗೆ ವ್ಯಾಯಾಮ ಯಾಕೆ?" ಎಂಬ ಮಾತು ನಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ಅಪಾಯಕಾರಿಯಾಗುವುದು ಇದೇ ಕಾರಣಕ್ಕೆ.

ಈಗ ಸ್ನಾಯುವಿನ ಒಳಗೆ ಏನು ನಡೆಯುತ್ತದೆ ಎಂಬುದನ್ನು ನೋಡಬೇಕು, ಏಕೆಂದರೆ ಮೇಲಿನ ಎಲ್ಲ ಅಂಕಿಗಳಿಗೂ ಅರ್ಥ ಬರುವುದು ಅಲ್ಲಿಂದಲೇ. ರಕ್ತದಲ್ಲಿ ಇನ್ಸುಲಿನ್ ಮತ್ತು ಗ್ಲೂಕೋಸನ್ನು ಅಳತೆಯಿಂದ ಹರಿಸಿ, ಸಕ್ಕರೆಯ ಮಟ್ಟ ಏರದಂತೆ ಇಳಿಯದಂತೆ ಹಿಡಿದಿಟ್ಟು, ಗ್ಲೂಕೋಸು ಎಲ್ಲಿಗೆ ಹೋಗುತ್ತದೆ ಎಂದು ಲೆಕ್ಕಹಾಕುವ ಒಂದು ಪ್ರಯೋಗಾಲಯದ ಕ್ರಮವಿದೆ. ಆ ಸ್ಥಿತಿಯಲ್ಲಿ ದೇಹದ ಅಂಗಾಂಶಗಳು ಸೆಳೆದುಕೊಳ್ಳುವ ಗ್ಲೂಕೋಸಿನಲ್ಲಿ ಶೇ 80ರಷ್ಟು ಸೇರುವುದು ಸ್ನಾಯುವಿಗೆ. ಸಾಮಾನ್ಯ ಊಟದ ನಂತರ ಯಕೃತ್ತೂ ತನ್ನ ಪಾಲು ತೆಗೆದುಕೊಳ್ಳುವುದರಿಂದ ಸ್ನಾಯುವಿನ ಪಾಲು ಇಷ್ಟಿರುವುದಿಲ್ಲ. ಆದರೂ ಮುದ್ದೆಯೋ ಅನ್ನವೋ ಉಂಡ ಮೇಲೆ ರಕ್ತಕ್ಕೆ ಬರುವ ಸಕ್ಕರೆಯನ್ನು ತುಂಬಿಟ್ಟುಕೊಳ್ಳಲು ದೇಹದಲ್ಲಿರುವ ದೊಡ್ಡ ಉಗ್ರಾಣ ಸ್ನಾಯುವೇ.

ಗ್ಲೂಕೋಸು ಆ ಉಗ್ರಾಣದ ಒಳಗೆ ತಾನಾಗಿ ನುಗ್ಗಲಾರದು, ಅದಕ್ಕೆ ಬಾಗಿಲು ಬೇಕು. ಗ್ಲುಟ್-4 ಎಂಬ ಪ್ರೋಟೀನು ಆ ಬಾಗಿಲು. ಸುಮ್ಮನೆ ಕೂತಿರುವಾಗ ಈ ಪ್ರೋಟೀನುಗಳಲ್ಲಿ ಬಹುಪಾಲು ಜೀವಕೋಶದ ಒಳಗೆ ಸಣ್ಣ ಕೋಶಿಕೆಗಳಲ್ಲಿ ಅಡಗಿರುತ್ತವೆ. ಊಟದ ನಂತರ ಇನ್ಸುಲಿನ್ ಬಂದು ಜೀವಕೋಶದ ಹೊರಪೊರೆಗೆ ಅಂಟಿಕೊಂಡಾಗ, ಒಳಗೆ ಸಾಲು ಸಾಲು ರಾಸಾಯನಿಕ ಸಂಕೇತಗಳು ಹೋಗಿ, ಗ್ಲುಟ್-4 ಹೊರಪೊರೆಗೆ ಬರುತ್ತದೆ, ಗ್ಲೂಕೋಸು ಒಳಗೆ ಸೇರುತ್ತದೆ. ಎರಡನೆಯ ಬಗೆಯ ಮಧುಮೇಹದಲ್ಲಿ ಕೆಡುವುದು ಈ ಸಂಕೇತಗಳ ಸಾಲು. ಇನ್ಸುಲಿನ್ ಇರುತ್ತದೆ, ಎಷ್ಟೋ ಸಲ ಬೇಕಾದ್ದಕ್ಕಿಂತ ಹೆಚ್ಚೇ ಇರುತ್ತದೆ, ಆದರೆ ಸ್ನಾಯು ಅದಕ್ಕೆ ಓಗೊಡುವುದಿಲ್ಲ. ಇದನ್ನೇ ಇನ್ಸುಲಿನ್ ಪ್ರತಿರೋಧ ಎನ್ನುತ್ತಾರೆ.

ಸಂಶೋಧಕರು ಕಂಡುಕೊಂಡ ಮಹತ್ವದ ಸಂಗತಿ ಎಂದರೆ ಗ್ಲುಟ್-4ನ್ನು ಹೊರಗೆ ಕರೆತರಲು ಇನ್ನೊಂದು ದಾರಿಯಿದೆ, ಮತ್ತು ಅದಕ್ಕೆ ಇನ್ಸುಲಿನ್ ಬೇಕಿಲ್ಲ. ಸ್ನಾಯು ಸಂಕುಚಿಸಿದಾಗ ಅದರೊಳಗೆ ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆ, ಶಕ್ತಿಯ ದಾಸ್ತಾನು ಕರಗತೊಡಗುತ್ತದೆ, ಆ ಕೊರತೆಯನ್ನು ಗುರುತಿಸುವ ಎಎಂಪಿಕೆ ಎಂಬ ಕಿಣ್ವ ಎಚ್ಚರಗೊಳ್ಳುತ್ತದೆ, ಸ್ನಾಯುವಿನ ಎಳೆತವೇ ಒಂದು ಸಂಕೇತವಾಗುತ್ತದೆ. ಇವೆಲ್ಲ ಸೇರಿ ಗ್ಲುಟ್-4ನ್ನು ಹೊರಪೊರೆಗೆ ತಳ್ಳುತ್ತವೆ. ಇನ್ಸುಲಿನ್‌ಗೆ ಓಗೊಡದ ಮಧುಮೇಹಿಯ ಸ್ನಾಯುವಿನಲ್ಲೂ ಈ ದಾರಿ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಆದ್ದರಿಂದ ಮಧುಮೇಹಿಯೊಬ್ಬರು ಎದ್ದು ಚುರುಕಾಗಿ ನಡೆದರೆ, ಕೆಟ್ಟಿರುವ ದಾರಿ ರಿಪೇರಿಯಾಗುವವರೆಗೆ ಕಾಯದೆ, ಕೆಡದಿರುವ ದಾರಿಯಿಂದಲೇ ಸಕ್ಕರೆ ಸ್ನಾಯುವಿಗೆ ಸೇರತೊಡಗುತ್ತದೆ. ಅಂದಿನ ನಡಿಗೆಗೆ ಅಂದೇ ಫಲ.

ನಡಿಗೆ ನಿಲ್ಲಿಸಿದ ಮೇಲೆಯೂ ಕೆಲಸ ಮುಗಿಯುವುದಿಲ್ಲ. ಸ್ನಾಯು ಗ್ಲೂಕೋಸನ್ನು ಕೂಡಿಟ್ಟುಕೊಳ್ಳುವ ರೂಪವಾದ ಗ್ಲೈಕೋಜನ್‌ನ ಖರ್ಚಾದ ದಾಸ್ತಾನನ್ನು ಮತ್ತೆ ತುಂಬಿಕೊಳ್ಳಬೇಕಾದ್ದರಿಂದ ಸ್ನಾಯು ಒಂದರಿಂದ ಎರಡು ದಿನದವರೆಗೆ ಇನ್ಸುಲಿನ್‌ಗೆ ಮೊದಲಿಗಿಂತ ಚೆನ್ನಾಗಿ ಸ್ಪಂದಿಸುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದಕ್ಕೆ ಒಳ್ಳೆಯ ಸಾಕ್ಷಿ. ತೆಳ್ಳಗಿದ್ದರೂ ಇನ್ಸುಲಿನ್ ಪ್ರತಿರೋಧವಿದ್ದ ಯುವಜನರಿಗೆ ಒಂದೇ ಒಂದು ಸಲ 45 ನಿಮಿಷದ ವ್ಯಾಯಾಮ ಮಾಡಿಸಿ, ಆಮೇಲೆ ಹಿಟ್ಟು ಸಕ್ಕರೆಯ ಅಂಶ ಹೆಚ್ಚಿದ್ದ ಆಹಾರ ಕೊಟ್ಟರು. ವ್ಯಾಯಾಮವಿಲ್ಲದ ದಿನಕ್ಕೆ ಹೋಲಿಸಿದರೆ ಸ್ನಾಯುವಿನಲ್ಲಿ ಗ್ಲೈಕೋಜನ್ ಸಂಗ್ರಹ ಮೂರು ಪಟ್ಟಾಯಿತು, ಯಕೃತ್ತಿನಲ್ಲಿ ಹೊಸದಾಗಿ ಕೊಬ್ಬು ತಯಾರಾಗುವುದು ಶೇ 30ರಷ್ಟು ಇಳಿಯಿತು. ಸ್ನಾಯು ತನ್ನ ಪಾಲನ್ನು ತೆಗೆದುಕೊಳ್ಳದಿದ್ದಾಗ ಅದೇ ಸಕ್ಕರೆ ಯಕೃತ್ತಿಗೆ ಹೋಗಿ ಕೊಬ್ಬಾಗುತ್ತದೆ. ಇಂದು ಸ್ಕ್ಯಾನಿಂಗ್ ವರದಿಗಳಲ್ಲಿ ಮೇಲಿಂದ ಮೇಲೆ ಕಾಣುವ "ಫ್ಯಾಟಿ ಲಿವರ್" ಎಂಬ ಮಾತಿಗೂ ದಿನವಿಡೀ ಕೂತು ಮಾಡುವ ಕೆಲಸಕ್ಕೂ ಇರುವ ಕೊಂಡಿಗಳಲ್ಲಿ ಇದೊಂದು.

ತಿಂಗಳುಗಟ್ಟಲೆ ಮುಂದುವರಿಸಿದರೆ ಬದಲಾವಣೆ ಇನ್ನೂ ಆಳಕ್ಕೆ ಇಳಿಯುತ್ತದೆ. ಸ್ನಾಯುವಿನಲ್ಲಿ ಗ್ಲುಟ್-4ರ ಒಟ್ಟು ಸಂಖ್ಯೆ ಹೆಚ್ಚುತ್ತದೆ, ರಕ್ತದ ಸೂಕ್ಷ್ಮನಾಳಗಳು ಹೆಚ್ಚುತ್ತವೆ, ಇಂಧನ ಉರಿಸುವ ಮೈಟೊಕಾಂಡ್ರಿಯಾಗಳ ಸಾಮರ್ಥ್ಯ ಏರುತ್ತದೆ. ಓಟದ ಯಂತ್ರದ ಮೇಲೆ ಇಲಿಗಳನ್ನು ವಾರಗಟ್ಟಲೆ ಓಡಿಸಿ ಈ ಕೊನೆಯ ಸಂಗತಿಯನ್ನು ಜಾನ್ ಹೊಲೊಝಿ ಎಂಬ ಅಮೆರಿಕದ ವಿಜ್ಞಾನಿ ತೋರಿಸಿಕೊಟ್ಟದ್ದು 1967ರಲ್ಲಿ. ಬಿಟ್ಟರೆ ಇಳಿಯುವುದೂ ಅಷ್ಟೇ ಬೇಗ. 1966ರಲ್ಲಿ ಅಮೆರಿಕದ ಡಾಲಸ್ ನಗರದಲ್ಲಿ ಇಪ್ಪತ್ತು ವರ್ಷದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿ ನೋಡಿದರು. ದೇಹ ಗರಿಷ್ಠವಾಗಿ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬುದು ಕಾಲು ಭಾಗಕ್ಕೂ ಹೆಚ್ಚು ಕುಸಿದಿತ್ತು. ಮೂವತ್ತು ವರ್ಷಗಳ ಬಳಿಕ ಅದೇ ಐವರನ್ನು ಕರೆಸಿ ಅಳೆದಾಗ, ಮೂವತ್ತು ವರ್ಷದ ವಯಸ್ಸು ಮಾಡಿದ ಹಾನಿಗಿಂತ ಅಂದಿನ ಮೂರು ವಾರದ ಹಾಸಿಗೆ ಮಾಡಿದ ಹಾನಿಯೇ ಹೆಚ್ಚು ಎಂಬುದು ತಿಳಿಯಿತು. ಸಣ್ಣ ಜ್ವರಕ್ಕೂ, ಸಣ್ಣ ಶಸ್ತ್ರಚಿಕಿತ್ಸೆಗೂ ಮನೆಯ ಹಿರಿಯರನ್ನು "ಏಳಬೇಡಿ, ಮಲಗಿರಿ" ಎಂದು ವಾರಗಟ್ಟಲೆ ಕೂರಿಸುವ ನಮ್ಮ ಪ್ರೀತಿ ಎಷ್ಟು ದುಬಾರಿಯಾಗಬಹುದು ಎಂಬುದನ್ನು ಇದರಿಂದ ಊಹಿಸಬಹುದು.

ಈಗಾಗಲೇ ಮಧುಮೇಹ ಬಂದವರ ವಿಷಯಕ್ಕೆ ಬರೋಣ. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಇಲ್ಲಿ ಅಳತೆಗೋಲು. ಕೆನಡಾದ ಸಂಶೋಧಕರು 2001ರಲ್ಲಿ ಹದಿನಾಲ್ಕು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ವ್ಯಾಯಾಮ ಮಾಡಿದವರಲ್ಲಿ ಇದು 7.65, ಮಾಡದವರಲ್ಲಿ 8.31 ಇತ್ತು. ಎರಡೂ ಗುಂಪುಗಳ ತೂಕದಲ್ಲಿ ಮಾತ್ರ ವ್ಯತ್ಯಾಸವೇ ಇರಲಿಲ್ಲ. ಸುಮಾರು 0.66ರ ಇಳಿಕೆ ಎಂದರೆ ಕೆಲವು ಮಾತ್ರೆಗಳು ತರುವ ಇಳಿಕೆಗೆ ಹತ್ತಿರದ್ದು.

ಯಾವ ವ್ಯಾಯಾಮ ಎಂಬ ಪ್ರಶ್ನೆಗೆ ನಮ್ಮಲ್ಲಿ ಬರುವ ಉತ್ತರ ಒಂದೇ: ನಡಿಗೆ. ಸಂಶೋಧನೆ ಇದನ್ನು ಅರ್ಧ ಉತ್ತರ ಎನ್ನುತ್ತದೆ. ಅಮೆರಿಕದ ಲೂಸಿಯಾನಾದಲ್ಲಿ 262 ಮಧುಮೇಹಿಗಳನ್ನು ಒಂಬತ್ತು ತಿಂಗಳು ಗಮನಿಸಿ 2010ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಬರೀ ನಡಿಗೆಯ ಗುಂಪು, ಬರೀ ಭಾರ ಎತ್ತುವ ಗುಂಪು, ಎರಡನ್ನೂ ಬೆರೆಸಿದ ಗುಂಪು ಎಂದು ಮಾಡಿ, ಮೂರಕ್ಕೂ ಹೆಚ್ಚುಕಡಿಮೆ ಅಷ್ಟೇ ಸಮಯ ಕೊಟ್ಟರು. ಎಚ್‌ಬಿಎ1ಸಿ ಖಚಿತವಾಗಿ ಇಳಿದದ್ದು ಎರಡನ್ನೂ ಬೆರೆಸಿದ ಗುಂಪಿನಲ್ಲಿ ಮಾತ್ರ. ನಡಿಗೆ ಇರುವ ಸ್ನಾಯುವನ್ನು ಚುರುಕಾಗಿಸುತ್ತದೆ. ಭಾರದ ವ್ಯಾಯಾಮ ಸ್ನಾಯುವನ್ನು ಬೆಳೆಸುತ್ತದೆ, ಕನಿಷ್ಠಪಕ್ಷ ವಯಸ್ಸಾದಂತೆ ಕರಗದಂತೆ ಕಾಪಾಡುತ್ತದೆ. ಹುಟ್ಟಿನಿಂದಲೇ ಸ್ನಾಯು ಕಡಿಮೆಯಿರುವ ನಮ್ಮ ಮೈಕಟ್ಟಿಗೆ ಈ ಎರಡನೆಯದರ ಅಗತ್ಯ ಇನ್ನೂ ಹೆಚ್ಚು ಎಂದೇ ನನ್ನ ಅಭಿಪ್ರಾಯ. ಅದಕ್ಕೆ ಜಿಮ್ ಬೇಕೇ ಬೇಕೆಂದಿಲ್ಲ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು, ಬಸ್ಕಿ, ನೀರು ತುಂಬಿದ ಬಾಟಲಿ ಎತ್ತುವುದು, ರಬ್ಬರ್ ಪಟ್ಟಿ ಎಳೆಯುವುದು ಎಲ್ಲವೂ ಆಗುತ್ತದೆ, ಕೊನೆಯ ಎರಡು ಮೂರು ಸಲ ಕಷ್ಟವೆನಿಸುವಷ್ಟು ಮಾಡಿದರೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲೂ ಎರಡೂ ಇವೆ: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ತೀವ್ರತೆಯ ಚಟುವಟಿಕೆ ಅಥವಾ ಅದರ ಅರ್ಧದಷ್ಟು ತೀವ್ರ ಚಟುವಟಿಕೆ, ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ. ಮಧ್ಯಮ ಎಂದರೆ ಪಕ್ಕದವರೊಂದಿಗೆ ಮಾತಾಡಲು ಆಗಬೇಕು, ಹಾಡಲು ಉಸಿರು ಸಾಲದಿರಬೇಕು. ಉದ್ಯಾನದಲ್ಲಿ ಗೆಳೆಯರೊಡನೆ ಹರಟುತ್ತ, ನಡುನಡುವೆ ನಿಲ್ಲುತ್ತ ಹಾಕುವ ಎರಡು ಸುತ್ತು ಮನಸ್ಸಿಗೆ ಹಿತವೇ ಹೌದು, ಆದರೆ ಬಹುಪಾಲು ಜನರಿಗೆ ಈ ಮಟ್ಟ ಮುಟ್ಟುವುದಿಲ್ಲ. ಒಂದು ಸಲದ ವ್ಯಾಯಾಮದ ಪರಿಣಾಮ ಎರಡು ದಿನಕ್ಕೆ ಆರಿಹೋಗುವುದರಿಂದ, ಭಾನುವಾರ ಒಂದೇ ದಿನ ಎರಡು ಗಂಟೆ ನಡೆಯುವುದಕ್ಕಿಂತ ಸತತ ಎರಡು ದಿನ ತಪ್ಪದಂತೆ ಹಂಚಿಕೊಳ್ಳುವುದು ಮಧುಮೇಹಿಗಳಿಗೆ ಮೇಲು.

ಹೊತ್ತಿನ ಬಗ್ಗೆಯೂ ಉಪಯುಕ್ತವಾದ ಒಂದೆರಡು ಪ್ರಯೋಗಗಳಿವೆ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 41 ಮಧುಮೇಹಿಗಳಿಗೆ ಎರಡು ವಾರ ದಿನಕ್ಕೊಂದು ಸಲ 30 ನಿಮಿಷ ನಡೆಯಲು ಹೇಳಿ, ಇನ್ನೆರಡು ವಾರ ಪ್ರತಿ ಊಟದ ನಂತರ ಹತ್ತು ಹತ್ತು ನಿಮಿಷ ನಡೆಯಲು ಹೇಳಿದರು. ಒಟ್ಟು ನಿಮಿಷಗಳು ಅಷ್ಟೇ ಇದ್ದರೂ ಊಟದ ನಂತರ ನಡೆದಾಗ ಊಟದ ಬಳಿಕದ ಸಕ್ಕರೆ ಸರಾಸರಿ ಶೇ 12, ರಾತ್ರಿಯೂಟದ ನಂತರವಂತೂ ಶೇ 22 ಕಡಿಮೆಯಿತ್ತು. ರಾತ್ರಿ ಅನ್ನ ಉಂಡು ಟಿವಿ ಮುಂದೆ ಕೂರುವ ಮನೆಗಳಲ್ಲಿ ಈ ಹತ್ತು ನಿಮಿಷಕ್ಕೆ ಬೆಲೆ ಕಟ್ಟಲಾಗದು. ಆಸ್ಟ್ರೇಲಿಯಾದ 2012ರ ಒಂದು ಪ್ರಯೋಗದಲ್ಲಿ ಬಹಳ ಹೊತ್ತು ಕೂರುವವರನ್ನು ಇಪ್ಪತ್ತು ನಿಮಿಷಕ್ಕೊಮ್ಮೆ ಎಬ್ಬಿಸಿ ಎರಡೇ ನಿಮಿಷ ನಡೆಸಿದಾಗ, ಊಟದ ನಂತರದ ಸಕ್ಕರೆಯ ಏರಿಕೆ ಕಾಲು ಭಾಗದಷ್ಟು ತಗ್ಗಿತು. ಅದರಲ್ಲಿದ್ದದ್ದು 19 ಜನರಷ್ಟೇ, ಅದೂ ಒಂದೊಂದು ದಿನದ ಅಳತೆ. ಆದ್ದರಿಂದ ಇದನ್ನು ದಾಚಿಂಗ್‌ನ ಫಲಿತಾಂಶದಷ್ಟು ಗಟ್ಟಿಯಾದುದೆಂದು ಹಿಡಿಯಬಾರದು. ಆದರೆ ಸ್ನಾಯುವಿನ ಬಗ್ಗೆ ನಮಗೆ ತಿಳಿದಿರುವುದಕ್ಕೆ ಅದು ಸರಿಯಾಗಿ ಹೊಂದುತ್ತದೆ.

ವ್ಯಾಯಾಮಕ್ಕೂ ಮಿತಿಗಳಿವೆ, ಅವನ್ನು ಮುಚ್ಚಿಡುವುದು ಓದುಗರಿಗೆ ಮಾಡುವ ಅನ್ಯಾಯ. ಅಮೆರಿಕದಲ್ಲಿ 5,145 ಮಧುಮೇಹಿಗಳನ್ನು ಸೇರಿಸಿ, ಊಟ ತಗ್ಗಿಸಿ ವ್ಯಾಯಾಮ ಹೆಚ್ಚಿಸಿ ತೂಕ ಇಳಿಸುವ ಕಟ್ಟುನಿಟ್ಟಾದ ಕಾರ್ಯಕ್ರಮದಿಂದ ಹೃದಯಾಘಾತ, ಪಾರ್ಶ್ವವಾಯುಗಳು ಕಡಿಮೆಯಾಗುತ್ತವೆಯೇ ಎಂದು ಪರೀಕ್ಷಿಸಿದರು. ಸುಮಾರು ಹತ್ತು ವರ್ಷದ ಬಳಿಕವೂ ವ್ಯತ್ಯಾಸ ಕಾಣದೆ 2012ರಲ್ಲಿ ಆ ಕಾರ್ಯಕ್ರಮವನ್ನು ನಿಲ್ಲಿಸಿದರು. ಸಕ್ಕರೆ, ದೇಹಬಲ, ನಿದ್ರೆಯಲ್ಲಿ ಉಸಿರುಗಟ್ಟುವ ತೊಂದರೆ, ಮೂತ್ರಪಿಂಡದ ಹಾನಿ ಇವೆಲ್ಲ ಸುಧಾರಿಸಿದ್ದವು. ಆದರೆ ಕೇಳಿದ್ದ ಮುಖ್ಯ ಪ್ರಶ್ನೆಗೆ ಉತ್ತರ "ಇಲ್ಲ" ಎಂದೇ ಬಂತು. ಮಧುಮೇಹ ಬರುವ ಮುಂಚೆ ಆರಂಭಿಸಿದ ದಾಚಿಂಗ್‌ನಲ್ಲಿ ಹೃದಯಕ್ಕೆ ಲಾಭ ಕಂಡಿತು, ಬಂದ ಮೇಲೆ ಆರಂಭಿಸಿದ ಇಲ್ಲಿ ಕಾಣಲಿಲ್ಲ. ಎರಡು ಪ್ರಯೋಗಗಳ ಜನರೂ ಕಾಲವೂ ಔಷಧಗಳೂ ಬೇರೆಯಾದ್ದರಿಂದ ಇದೊಂದೇ ಕಾರಣ ಎನ್ನಲಾಗದು, ಆದರೂ ಬೇಗ ಆರಂಭಿಸುವ ಕಡೆಗೇ ತಕ್ಕಡಿ ವಾಲುತ್ತದೆ. ಹಾಗೆಯೇ ಎಲ್ಲರ ಮೈಯೂ ಒಂದೇ ರೀತಿ ಸ್ಪಂದಿಸುವುದಿಲ್ಲ. ಕುಟುಂಬ ಕುಟುಂಬಗಳನ್ನೇ ಸೇರಿಸಿ, ಒಂದೇ ಬಗೆಯ ತರಬೇತಿಯನ್ನು ಇಪ್ಪತ್ತು ವಾರ ಕೊಟ್ಟ ಹೆರಿಟೇಜ್ ಎಂಬ ಅಧ್ಯಯನದಲ್ಲಿ ಕೆಲವರ ಆಮ್ಲಜನಕ ಬಳಕೆಯ ಸಾಮರ್ಥ್ಯ ಬಹಳ ಏರಿತು, ಕೆಲವರದು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು, ಮತ್ತು ಈ ವ್ಯತ್ಯಾಸ ಕುಟುಂಬಗಳಲ್ಲಿ ಹರಿದುಬರುವಂತೆ ಕಂಡಿತು. ಒಬ್ಬರಿಗೆ ಫಲ ಕಡಿಮೆ ಕಂಡರೆ ಅದನ್ನು ಸೋಮಾರಿತನವೆಂದು ಜರಿಯುವುದು ತಪ್ಪು.

ಇಷ್ಟು ಪರಿಣಾಮವಿರುವ ಚಿಕಿತ್ಸೆಗೆ ಎಚ್ಚರಿಕೆಗಳೂ ಇರಲೇಬೇಕು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ವ್ಯಾಯಾಮದಿಂದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಕ್ಲಝೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಅದು ಇಳಿಯಬಹುದು, ವ್ಯಾಯಾಮ ಮುಗಿದು ಗಂಟೆಗಳ ನಂತರ, ರಾತ್ರಿ ನಿದ್ರೆಯಲ್ಲೂ ಇಳಿಯಬಹುದು. ಹೊರಡುವ ಮುಂಚೆ ಗ್ಲೂಕೋಮೀಟರ್ 90ರಿಂದ 100ಕ್ಕಿಂತ ಕೆಳಗೆ ತೋರಿಸಿದರೆ ಅಂಥವರು ಏನಾದರೂ ತಿಂದೇ ಹೊರಡಬೇಕು, ಜೇಬಿನಲ್ಲಿ ಗ್ಲೂಕೋಸ್ ಅಥವಾ ಸಕ್ಕರೆ ಇರಬೇಕು. ಕೈ ನಡುಕ, ಬೆವರು, ತಲೆ ಸುತ್ತು ಬಂದರೆ ನಿಂತು ಅದನ್ನು ಬಾಯಿಗೆ ಹಾಕಿಕೊಳ್ಳಬೇಕು. ಪಾದದ ಸ್ಪರ್ಶ ಕಡಿಮೆಯಾದವರು ಬರಿಗಾಲಲ್ಲಿ ಅಥವಾ ಸವೆದ ಚಪ್ಪಲಿಯಲ್ಲಿ ನಡೆಯಬಾರದು, ಮನೆಗೆ ಬಂದ ಮೇಲೆ ಅಂಗಾಲನ್ನು ಕಣ್ಣಾರೆ ನೋಡಿಕೊಳ್ಳಬೇಕು. ಮಧುಮೇಹದಿಂದ ಕಣ್ಣಿನ ಅಕ್ಷಿಪಟದಲ್ಲಿ ಹೊಸ ರಕ್ತನಾಳ ಬೆಳೆದಿರುವವರು ಉಸಿರು ಬಿಗಿಹಿಡಿದು ಭಾರ ಎತ್ತುವುದನ್ನು ನೇತ್ರವೈದ್ಯರನ್ನು ಕೇಳದೆ ಮಾಡಬಾರದು. ನಡೆಯುವಾಗ ಎದೆ ಹಿಡಿದಂತಾದರೆ ಅಂದಿನ ಮಟ್ಟಿಗೆ ಅಲ್ಲಿಗೇ ನಿಲ್ಲಿಸಿ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನಿಯಮಿತವಾಗಿ ವ್ಯಾಯಾಮ ಶುರುಮಾಡಿದ ಕೆಲವು ವಾರಗಳಲ್ಲೇ ಹಳೆಯ ಮಾತ್ರೆಯ ಪ್ರಮಾಣ ಹೆಚ್ಚೆನಿಸುವ ಸಾಧ್ಯತೆಯೂ ಇದೆ. ಆದ್ದರಿಂದ ಬೆಳಗಿನ ಬರಿಹೊಟ್ಟೆಯ ಸಕ್ಕರೆ, ರಾತ್ರಿಯೂಟದ ಎರಡು ಗಂಟೆ ಬಳಿಕದ ಸಕ್ಕರೆ, ಅಂದು ಎಷ್ಟು ನಿಮಿಷ ಯಾವ ವ್ಯಾಯಾಮ ಎಂಬ ಮೂರು ಅಂಕಿಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಮುಂದಿನ ಭೇಟಿಯಲ್ಲಿ ವೈದ್ಯರ ಮುಂದೆ ಇಡಿ. ಔಷಧ ತಗ್ಗಿಸಬೇಕೋ ಬೇಡವೋ ಎಂಬುದನ್ನು ಅವರು ತೀರ್ಮಾನಿಸಲು ತೂಕದ ಅಂಕಿಗಿಂತ ಈ ಮೂರೇ ಹೆಚ್ಚು ನೆರವಾಗುತ್ತವೆ.